ಮೂವರು ಪೆದ್ದರು, ಒಬ್ಬ ಜಾಣ

ಬಾಡಿಗೆ ಬಾಕಿ ಉಳಿಸಿಕೊಂಡ ನಟನಷ್ಟು ನಗು ಹುಟ್ಟಿಸುವ ಪ್ರಾಣಿ ಇನ್ನೊಂದಿಲ್ಲ. ಹಾಲಿವುಡ್ಡಿನ ಕೊಲಂಬಿಯಾ ಸ್ಟುಡಿಯೊಗೆ ಇದು ಚೆನ್ನಾಗಿ ಗೊತ್ತಿತ್ತು. 1936ರಲ್ಲಿ ಅದು ತೆಗೆದ ‘ಎ ಪೇನ್ ಇನ್ ದ ಪುಲ್‌ಮನ್’ ಎಂಬ ಕಿರುಚಿತ್ರದಲ್ಲಿ ‘ತ್ರೀ ಸ್ಟೂಜಸ್’ ತಂಡದ ಮೋ, ಲ್ಯಾರಿ, ಕರ್ಲಿ ಅಂಥದೇ ಮೂವರು ನಟರು. ಬಾಡಿಗೆಗೆ ಗತಿಯಿಲ್ಲ. ಸಾಕಿದ ಕೋತಿ ಜೋನನ್ನು ಕಟ್ಟಿಕೊಂಡು, ಹೇಗೋ ಗಿಟ್ಟಿದ ಒಂದು ಷೋಗಾಗಿ ರೈಲು ಹತ್ತುತ್ತಾರೆ.

ಅದೇ ರೈಲಿನಲ್ಲಿ ನಾಯಕನಟ ಪಾಲ್ ಪೇನ್ ಮಹಾಶಯರಿಗೆ ಪ್ರತ್ಯೇಕ ಕೋಣೆ, ಏಡಿಯ ಊಟ. ತಮಗೇ ಬಡಿಸಿಟ್ಟಿದ್ದೆಂದು ಮೂವರೂ ಕೈಹಾಕುತ್ತಾರೆ. ಹಸಿವೇನೋ ಇದೆ, ಏಡಿಯೂ ಇದೆ. ಬಿಡಿಸುವ ಬಗೆ ಮಾತ್ರ ಗೊತ್ತಿಲ್ಲ. ಚಿಪ್ಪಿನೊಂದಿಗೆ ಅವರು ಹೂಡುವ ಕುಸ್ತಿ ನೋಡಿಯೇ ತೀರಬೇಕು. (ನಿಜಜೀವನದಲ್ಲಿ ಮೋಗೆ ಚಿಪ್ಪಿನ ಜಲಚರ ಕಂಡರೇ ಆಗದು. ಆದರೂ ಬಾಯಿಗಿಟ್ಟ. ಹೊಟ್ಟೆಪಾಡು ಎಂದರೆ ಇದೇ ಇರಬೇಕು.) ಆಮೇಲೆ ಮೂವರೂ ಒಂದೇ ಮೇಲಿನ ಬರ್ತ್ ಹತ್ತುವ ಸಾಹಸ: ಜಾರುವುದು, ತಲೆ ಚಚ್ಚಿಕೊಳ್ಳುವುದು, ಮೋ ಕೈಯಿಂದ ಏಟು ತಿನ್ನುವುದು. ಕೋತಿ ನಾಯಕನ ಟೋಪನ್ ಕಿತ್ತುಕೊಂಡು, ಸಾಲದೆಂಬಂತೆ ಸರಪಳಿ ಎಳೆದು ರೈಲನ್ನೂ ನಿಲ್ಲಿಸುತ್ತದೆ. ಕೊನೆಗೆ ಮೂವರನ್ನೂ ರೈಲಿನಿಂದ ಆಚೆ ಎಸೆಯುತ್ತಾರೆ. ದನಗಳ ಬೆನ್ನೇರಿ ಹೋಗುತ್ತಾರೆ.

ಈ ಕಥೆಯಲ್ಲೊಂದು ತಾಂತ್ರಿಕ ದೋಷವಿದೆ. ನಿಜವಾದ ಜಾಣ ಧಣಿ ಕಲಾವಿದರನ್ನು ಎಸೆಯುವುದಿಲ್ಲ. ಎಸೆದಾನು ಎಂಬ ಭಯದಲ್ಲಿ ಇಟ್ಟುಕೊಳ್ಳುತ್ತಾನೆ. ಕೊಲಂಬಿಯಾದ ಒಡೆಯ ಹ್ಯಾರಿ ಕೋನ್ ಈ ವಿದ್ಯೆಯಲ್ಲಿ ಪಾರಂಗತ. ಸ್ಟೂಜಸ್ ಜೊತೆ ಅವರ ಕರಾರು ವರ್ಷದಿಂದ ವರ್ಷಕ್ಕೆ ಮಾತ್ರ. ನವೀಕರಣದ ಹೊತ್ತು ಬಂದಾಗ ಕೋನ್ ಸಾಹೇಬರ ಮುಖ ಬಾಡುತ್ತಿತ್ತು: ಕಿರುಚಿತ್ರಕ್ಕೆ ಈಗ ಮಾರುಕಟ್ಟೆಯೇ ಇಲ್ಲ, ಏನು ಮಾಡಲಿ ಹೇಳಿ? ಮೂವರೂ ಎದೆ ಡವಗುಟ್ಟಿಸಿಕೊಂಡು ಕಾಯುತ್ತಿದ್ದರು, ಕೊನೆ ಗಳಿಗೆಯಲ್ಲಿ ಸಹಿ ಬೀಳುತ್ತಿತ್ತು. ಸಂಬಳ ಹೆಚ್ಚಿಸಿ ಎನ್ನಲು ಬಾಯಿ ಎಲ್ಲಿಂದ ಬರಬೇಕು! ಇತ್ತ ಥಿಯೇಟರ್ ಮಾಲೀಕರಿಗೆ ಅದೇ ಸ್ಟುಡಿಯೊ ಹೇಳುತ್ತಿದ್ದ ಮಾತೇ ಬೇರೆ: ಸ್ಟೂಜಸ್ ಬೇಕಾದರೆ ನಮ್ಮ ಅಗ್ಗದ ಸಿನಿಮಾಗಳನ್ನೂ ಒಯ್ಯಿರಿ. ಮಾರುಕಟ್ಟೆಯಿಲ್ಲದ ಸರಕಿಗೆ ಅಷ್ಟು ಗಿರಾಕಿ.

ಹೀಗೆ 190 ಕಿರುಚಿತ್ರಗಳಾದವು. 1946ರ ಮೇ ತಿಂಗಳಲ್ಲಿ ಸೆಟ್ಟಿನಲ್ಲೇ ಕರ್ಲಿಗೆ ಪಾರ್ಶ್ವವಾಯು ಬಡಿಯಿತು. ಅವನ ಜಾಗಕ್ಕೆ ಅಣ್ಣ ಶೆಂಪ್ ಬಂದ. 1955ರಲ್ಲಿ ಶೆಂಪ್ ತೀರಿಕೊಂಡಾಗ ಕರಾರಿನ ಲೆಕ್ಕದಲ್ಲಿ ನಾಲ್ಕು ಚಿತ್ರ ಬಾಕಿ. ಸತ್ತವನಿಗೆ ರಜೆ ಕೊಡುವುದುಂಟೆ? ಹಳೆಯ ರೀಲಿನಿಂದ ಶೆಂಪ್‌ನ ಮುಖ ತೆಗೆದರು, ಜೋ ಪಾಲ್ಮಾ ಎಂಬ ಇನ್ನೊಬ್ಬ ನಟನ ಬೆನ್ನು ತೋರಿಸಿದರು, ನಾಲ್ಕನ್ನೂ ಮುಗಿಸಿ ಬಿಡುಗಡೆ ಮಾಡಿದರು. ಸಾವನ್ನು ಗೈರುಹಾಜರಿಯ ಕಾರಣವೆಂದು ಒಪ್ಪದ ಕಚೇರಿಗಳನ್ನು ಕುರಿತು ಕೇಳಿದ್ದೆ, ಹಾಜರಿಯನ್ನೇ ಹಾಕಿಬಿಟ್ಟದ್ದು ಇದೊಂದೇ.

1957ರ ಡಿಸೆಂಬರಿನಲ್ಲಿ ಕೆಲಸ ನಿಂತಿತು. ಕೆಲವು ವಾರದ ನಂತರ ಮೋ ಹಳಬರಿಗೆ ವಿದಾಯ ಹೇಳಲು ಹೋದರೆ, ಹೊಸ ವರ್ಷದ ಪಾಸಿಲ್ಲವೆಂದು ಕಾವಲುಗಾರ ಗೇಟಿನಲ್ಲೇ ತಡೆದನೆಂದು ಮೋ ಮಗಳು ಬರೆದಿದ್ದಾಳೆ. ಕೋನ್ ಆಡಿದ ಆಟದ ಪೂರ್ತಿ ಅರಿವು ಮೋಗೆ ಆದದ್ದೂ ಎಲ್ಲ ಮುಗಿದ ಮೇಲೆಯೇ.

1958ರಲ್ಲಿ ಅವೇ ಕಿರುಚಿತ್ರಗಳು ಟಿವಿಗೆ ಮಾರಾಟವಾದವು. ಅಮೆರಿಕದ ಮಕ್ಕಳು ಹೊಟ್ಟೆ ಹಿಡಿದು ನಕ್ಕರು, ದುಡ್ಡು ಸ್ಟುಡಿಯೊಗೆ ಹೋಯಿತು. ಸ್ಟೂಜಸ್‌ಗೆ ಅದರಲ್ಲಿ ಬಿಡಿಗಾಸಿಲ್ಲ, ಬಂದದ್ದು ಹೆಸರು. ಆ ಹೆಸರನ್ನೇ ನೆಚ್ಚಿ, ಅರವತ್ತು ದಾಟಿದ ಮೋ ಹೊಸ ಮೂರನೆಯವನನ್ನು ಹುಡುಕಿಕೊಂಡು ಮತ್ತೆ ಊರೂರು ತಿರುಗಿ ಬಾರಿಸತೊಡಗಿದ, ಲ್ಯಾರಿ ಮತ್ತೆ ತಿನ್ನತೊಡಗಿದ. ಹಳೆಯ ಏಟುಗಳೆಲ್ಲ ಸ್ಟುಡಿಯೊ ಆಸ್ತಿಯಾಗಿದ್ದರಿಂದ, ಪಾಪ, ಹೊಸದಾಗಿಯೇ ತಿನ್ನಬೇಕಿತ್ತು.