ಕುದುರೆಯ ನಿಲುವು

ಬಂಡೀಪುರದ ಕಾಡಂಚಿನ ಮದ್ದೂರಿನವನಾದ ನನಗೆ ಚೀನಾ ದೇಶದ ಸಮರಕಲೆಯ ವ್ಯಾಮೋಹವು ಹೇಗೆ ಅಂಟಿತೆಂದು ಕೇಳುವವರಿಗೆ, 1973ರ ಬ್ರೂಸ್ ಲೀಯ ‘ಎಂಟರ್ ದಿ ಡ್ರ್ಯಾಗನ್’ ಚಿತ್ರವನ್ನು ಮೈಸೂರಿನಲ್ಲಿ ಕಂಡು ಮರಳಿದ ರಾತ್ರಿ ಹಿತ್ತಿಲ ನಿರಪರಾಧಿ ಬಾಳೆಗಿಡವು ನನ್ನ ಪಾದಾಘಾತಕ್ಕೆ ಬಲಿಯಾದುದನ್ನೂ, ಮರುದಿನ ಅಜ್ಜಿಯ ಪೊರಕೆಯು ಯಾವ ಗುರುವೂ ಕಲಿಸಲಾರದ ವೇಗದಿಂದ ಬೀಸಿದುದನ್ನೂ ಸವಿನಯವಾಗಿ ನಿವೇದಿಸುತ್ತೇನೆ.

ಆ ವಿದ್ಯೆಯ ಮೊದಲ ಪಾಠ ‘ಮಾ ಬು’, ಎಂದರೆ ಕುದುರೆಯ ನಿಲುವು: ಪಾದಗಳನ್ನಗಲಿಸಿ, ತೊಡೆಗಳು ನೆಲಕ್ಕೆ ಸಮಾಂತರವಾಗುವಂತೆ, ಕುಳಿತೂ ಕುಳಿತಿರದ ಸ್ಥಿತಿ. ಬೇಲಿಯಾಚೆಯಿಂದ ಇದನ್ನು ಕಂಡ ನೆರೆಯವರು ‘ಚೊಂಬು ತರಲೇ, ಸ್ವಾಮಿ?’ ಎಂದು ಮರುಗಿದುದುಂಟು. ದಕ್ಷಿಣ ಭಾರತದ ಬೋಧಿಧರ್ಮನೇ ಈ ವಿದ್ಯೆಯನ್ನು ಶಾವೊಲಿನ್ ಮಠಕ್ಕೊಯ್ದನೆಂಬ ಐತಿಹ್ಯವನ್ನು ಮುಂದೊಡ್ಡಿದೆ; ಇತಿಹಾಸಕಾರರು ಅದನ್ನೊಪ್ಪರು, ಅಜ್ಜಿಯೂ ಒಪ್ಪಲಿಲ್ಲ.

ಈಗ ಮಂಡಿಗಳು ಅಸಹಕಾರ ಚಳವಳಿ ಹೂಡಿರುವುದರಿಂದ, 1956ರಲ್ಲಿ ಚೀನೀಯರು ಸರಳಗೊಳಿಸಿದ 24 ಭಂಗಿಗಳ ತಾಯ್ ಚಿಗೆ ಶರಣಾಗಿದ್ದೇನೆ. ಮೊನ್ನೆ ಮುಂಜಾನೆ ರಾಗಿಹೊಲದ ಬದುವಿನಲ್ಲಿ ‘ಬಿಳಿಕೊಕ್ಕರೆಯು ರೆಕ್ಕೆ ಬಿಚ್ಚುವ’ ಭಂಗಿಯಲ್ಲಿ ನಿಂತಿರಲಾಗಿ, ಎದುರಿಗೆ ಒಂಟಿ ಸಲಗ. ಓಡುವ ಭಂಗಿಯು ಆ 24ರಲ್ಲಿಲ್ಲವಾದರೂ ಓಡಿದೆ. ಜಗುಲಿ ಮುಟ್ಟಿ ತಿರುಗಿ ನೋಡಿದರೆ, ನಾನು ಬಿಟ್ಟು ಬಂದ ಟವೆಲನ್ನು ಸೊಂಡಿಲಲ್ಲೆತ್ತಿ, ನನಗಿಂತಲೂ ನಿಧಾನವಾಗಿ, ನನಗಿಂತಲೂ ಶುದ್ಧವಾಗಿ, ಸಲಗವು ಅಭ್ಯಾಸವನ್ನು ಮುಂದುವರಿಸಿತ್ತು.