ಬಿಡಿಸಿ ತಂದ ದೊರೆಗೊಂದು ಬಹಿರಂಗ ಪತ್ರ

ಚಿಯೆನ್‌ತಾಂಗ್ ನದಿಯ ಡ್ರ್ಯಾಗನ್ ದೊರೆಗಳೇ,

ಕರ್ನಾಟಕದಿಂದ ಬರೆಯುತ್ತಿದ್ದೇನೆ. ನಾವು ತೀರ ಪರಕೀಯರಲ್ಲ. ಬೌದ್ಧ ಗ್ರಂಥಗಳನ್ನು ಚೀನೀ ಭಾಷೆಗೆ ತಂದವರು ನಮ್ಮ ‘ನಾಗ’ನನ್ನು ‘ಲೊಂಗ್’, ಅಂದರೆ ಡ್ರ್ಯಾಗನ್, ಎಂದು ಕರೆದರು. ನಾಗರಾಜ ಅಲ್ಲಿ ಲೊಂಗ್‌ವಾಂಗ್ ಆದ. ಆ ನಂಟಿನ ಸಲುಗೆಯಿಂದ ಈ ಮಾತು.

ನಿಮ್ಮ ಕುಲದವರ ಪ್ರೇಮಕತೆಗಳಿಗೆ ಈಗ ಸುಗ್ಗಿ. ನನ್ನ ಅಕ್ಕನ ಮಗಳು ರಾತ್ರಿ ದೀಪ ಆರಿಸಿದ ಮೇಲೂ ಮೊಬೈಲಿನಲ್ಲಿ ಓದುತ್ತಿರುತ್ತಾಳೆ: ಡ್ರ್ಯಾಗನ್ ಆಗಬಲ್ಲ ರಾಜಕುಮಾರ, ಅವನು ಸೆರೆಯಿಂದ ಬಿಡಿಸಿದ ಹುಡುಗಿ. ನಾನೂ ಓದಿದೆ. ಅವಳ ಸಂಕಟಕ್ಕೆ ಮರುಗಿದೆ, ಅವನು ರೆಕ್ಕೆ ಬಿಚ್ಚಿದಾಗ ಮೈ ಝುಮ್ಮೆಂದಿತು. ಆದರೆ ಕತ್ತಲಕೋಣೆಯಿಂದ ಹೊರಬಂದವಳು ನೆಟ್ಟಗೆ ಅವನ ಅರಮನೆಗೇ ಹೋಗುತ್ತಾಳೆ. ಬಿಡಿಸಿದ ಋಣವೇ ಪ್ರೀತಿಯೆಂದು ಲೆಕ್ಕವಾಗುತ್ತದೆ. ಬಾಗಿಲು ಬದಲಾಯಿತು, ಬೀಗದ ಕೈ ಮಾತ್ರ ಇನ್ನೊಬ್ಬರ ಸೊಂಟದಲ್ಲೇ ಉಳಿಯಿತು. ಇದು ನನ್ನನ್ನು ನೋಯಿಸುತ್ತದೆ. ಆಗ ನಿಮ್ಮ ನೆನಪಾಯಿತು.

ತಾಂಗ್ ಅರಸರ ಕಾಲದಲ್ಲಿ (618–907) ಲೀ ಚಾವ್‌ವೇಯ್ ಬರೆದಿಟ್ಟ ನಿಮ್ಮ ಮನೆಯ ಕತೆ ಅದು. ಪರೀಕ್ಷೆಯಲ್ಲಿ ನಪಾಸಾಗಿ ಊರಿಗೆ ಹೊರಟಿದ್ದ ಲ್ಯೂ ಯೀ ಎಂಬ ಯುವಕ ದಾರಿಯಲ್ಲಿ ಕುರಿ ಕಾಯುವ ಹೆಣ್ಣೊಬ್ಬಳನ್ನು ಕಾಣುತ್ತಾನೆ. ಮಾಸಿದ ಬಟ್ಟೆ, ಬಾಡಿದ ಮುಖ. ಅವಳು ನಿಮ್ಮಣ್ಣ, ದೊಂಗ್‌ತಿಂಗ್ ಸರೋವರದ ದೊರೆಯ ಕಿರಿಮಗಳು. ಜಿಂಗ್ ನದಿಯ ದೊರೆಮಗನನ್ನು ಮದುವೆಯಾಗಿ, ಗಂಡನ ತಾತ್ಸಾರಕ್ಕೂ ಅತ್ತೆಮಾವಂದಿರ ಶಿಕ್ಷೆಗೂ ಸಿಕ್ಕವಳು. ತವರಿಗೊಂದು ಪತ್ರ ಮುಟ್ಟಿಸೆಂದು ಕೊಡುತ್ತಾಳೆ. ಸರೋವರದ ದಕ್ಷಿಣ ದಡದ ಕಿತ್ತಳೆ ಮರವನ್ನು ಮೂರು ಸಲ ತಟ್ಟಿದರೆ ಯಾರಾದರೂ ಬರುತ್ತಾರೆ, ಅಷ್ಟೇ ಗುರುತು. ಅವನು ತಟ್ಟಿದ, ನೀರಿನಡಿಯ ಅರಮನೆಗೆ ಪತ್ರ ಮುಟ್ಟಿಸಿದ. ಆ ಸರೋವರದ ಜುನ್‌ಶಾನ್ ದ್ವೀಪದಲ್ಲಿ ಇಂದಿಗೂ ಲ್ಯೂ ಯೀ ಹೆಸರಿನ ಬಾವಿಯೊಂದಿದೆ.

ಅರಮನೆಯ ಅಳು ನಿಮ್ಮ ಕಿವಿಗೆ ಬಿತ್ತು. ಹಿಂದೊಮ್ಮೆ ಒಂಬತ್ತು ವರ್ಷ ನೆರೆ ಹರಿಸಿದ ತಪ್ಪಿಗೆ ನೀವು ಅಲ್ಲೇ ಕಟ್ಟಿಹಾಕಿಸಿಕೊಂಡಿದ್ದಿರಿ. ಸಾವಿರ ಅಡಿಗೂ ಮೀರಿದ ಕೆಂಪು ಮೈ, ಕೊರಳ ಚಿನ್ನದ ಸರಪಳಿಗೆ ಕಿತ್ತುಬಂದ ಕಂಬ, ಸುತ್ತಲೂ ಸಿಡಿಲು, ಆಲಿಕಲ್ಲು; ಹಾಗೆಯೇ ಹಾರಿಹೋದಿರಿ. ಮರಳಿ ಬಂದಾಗ ನೇರಳೆ ಬಟ್ಟೆಯುಟ್ಟ ಮನುಷ್ಯ; ಮಗಳು ಮನೆ ಸೇರಿದ್ದಳು. ಎಷ್ಟು ಜನ ಸತ್ತರೆಂದು ಅಣ್ಣ ಕೇಳಿದ. ಆರು ಲಕ್ಷ ಎಂದಿರಿ. ಬೆಳೆ? ಎಂಟು ನೂರು ಲೀ (ಚೀನೀ ಅಳತೆ) ದೂರದವರೆಗೆ ಹಾಳು. ಆ ಗಂಡ? ತಿಂದುಬಿಟ್ಟಿದ್ದಿರಿ. ದೊರೆಗಳೇ, ಗಂಡನ ಮಾತು ಬಿಡಿ, ಆ ಪೈರು ಯಾರದು? ನಾಟಿ ಮಾಡಿದವರು ನಿಮ್ಮಣ್ಣನ ಮಗಳಿಗೆ ಏನು ಕೇಡು ಬಗೆದಿದ್ದರು? ನಿಮ್ಮಣ್ಣ ಬೆಳೆಯ ಪ್ರಶ್ನೆ ಕೇಳಿದನಲ್ಲ, ಅದಕ್ಕೆ ಅವನಿಗೆ ಕೈಮುಗಿಯುತ್ತೇನೆ. ಈಗಿನ ಕತೆಗಳಲ್ಲಿ ಊರು ಸುಟ್ಟರೂ ಹೊಲದ ಲೆಕ್ಕ ಕೇಳುವವರು ಅಪರೂಪ.

ನಾನು ಬರೆಯಹೊರಟದ್ದು ಆಮೇಲಿನ ಒಂದು ಔತಣದ ಬಗ್ಗೆ. ಕುಡಿದ ಅಮಲಿನಲ್ಲಿ ನೀವು ಲ್ಯೂ ಯೀಗೆ ಅವಳನ್ನು ಮದುವೆಯಾಗೆಂದಿರಿ, ಒಪ್ಪದಿದ್ದರೆ ಗತಿಯೇನೆಂಬುದನ್ನೂ ಮುಚ್ಚಿಡಲಿಲ್ಲ. ನಿಮ್ಮ ಒಂದು ಹುರುಪೆಯ ಸಂದಿಗೂ ಸಾಲದ ಆ ಬಡಪಾಯಿ ಎದ್ದು ನಿಂತು ಆಗದೆಂದ. ಸರಪಳಿ ಹರಿದು ಹೋದಾಗ ನಿಮ್ಮನ್ನು ಧೀರರೆಂದು ತಿಳಿದಿದ್ದೆ, ಈಗ ಬಲ ತೋರಿಸಿ ಹೆದರಿಸುತ್ತೀರಾ ಎಂಬ ಅರ್ಥದ ಮಾತಾಡಿದ. ನೀವು ಅವನನ್ನು ನುಂಗಬಹುದಿತ್ತು. ತಪ್ಪಾಯಿತೆಂದಿರಿ. ಅಂದು ಸಂಜೆಯೇ ಇಬ್ಬರೂ ಜೀವದ ಗೆಳೆಯರಾದಿರಿ.

ಸಿಡಿಲು, ಸರಪಳಿ ಎಲ್ಲಕ್ಕಿಂತ ನನಗೆ ದೊಡ್ಡದು ಆ ‘ತಪ್ಪಾಯಿತು’. ನನ್ನ ಅಕ್ಕನ ಮಗಳ ಕತೆಗಳ ರಾಜಕುಮಾರರಿಗೆ ಆ ಒಂದು ಮಾತನ್ನು ನೀವು ಕಲಿಸಿಕೊಡಬೇಕು.

ಒಂದು ದೂರೂ ಇದೆ. ಆ ಔತಣದಲ್ಲಿ ಅವಳನ್ನು ಯಾರೂ ಕೇಳಲಿಲ್ಲ. ಆಮೇಲೆ ತಾಯಿತಂದೆ ಇನ್ನೊಂದು ನದಿಯ ಹುಡುಗನನ್ನು ಗೊತ್ತುಮಾಡಿದಾಗ ಅವಳು ಕೂದಲು ಕತ್ತರಿಸಿಕೊಂಡು ಬಾಗಿಲು ಹಾಕಿಕೊಂಡಳು. ಈ ಸಲ ಚಿಲಕ ಒಳಗಿತ್ತು. ಲ್ಯೂ ಯೀಯ ಇಬ್ಬರು ಹೆಂಡಿರು ಒಬ್ಬರ ಹಿಂದೊಬ್ಬರು ತೀರಿಹೋದ ಮೇಲೆ, ಮನುಷ್ಯರ ಮನೆಯ ಮಗಳಾಗಿ ಬಂದು ಅವನ ಕೈ ಹಿಡಿದಳು. ಮಗು ಹುಟ್ಟಿ ತಿಂಗಳು ಕಳೆಯುವವರೆಗೆ ತಾನು ಯಾರೆಂದು ಹೇಳಲಿಲ್ಲ, ಅಷ್ಟು ಅಳುಕು. ಅಂದು ಅವನು ಬೇಡವೆಂದದ್ದು ನಿಜಕ್ಕೂ ಮನಸ್ಸಿಲ್ಲದೆಯೋ, ಚಿಕ್ಕಪ್ಪನ ಮೇಲಿನ ಸಿಟ್ಟಿನಿಂದಲೋ ಎಂದು ಕೇಳಿದಳು. ಗಂಡನನ್ನು ಕೊಂದು ಹೆಂಡತಿಯನ್ನು ಕಟ್ಟಿಕೊಳ್ಳುವುದು ನನ್ನಿಂದಾಗದ ಕೆಲಸವಾಗಿತ್ತು, ಆದರೆ ಬೀಳ್ಕೊಡುವ ಹೊತ್ತಿನ ನಿನ್ನ ಮುಖ ಕಂಡು ಬಹಳ ನೊಂದುಕೊಂಡೆ ಎಂದ ಲ್ಯೂ ಯೀ. ಅವಳು ಎಷ್ಟೋ ಹೊತ್ತು ಅಳುತ್ತಲೇ ಇದ್ದಳು.

ಇಂತಿ,
ನಿಮ್ಮ ಕತೆ ಓದಿದವಳು