ಪಿಂಚಣಿಯ ಪೇಟಿ

ಯಾದಗಿರಿ, ಶಹಾಪುರ, ಸುರಪುರ, ಯಾವ ಊರಿಗೆ ಹೋದರೂ ಓಣಿಗೊಬ್ಬ ಪೇಟಿ ಸಾಹೇಬರು ಸಿಗುತ್ತಾರೆ. ಅರವತ್ತು ತುಂಬಿ, ಶಾಲು-ಹಾರ ಹಾಕಿಸಿಕೊಂಡು ಬಂದ ಮರುವಾರವೇ ಅಟ್ಟದಿಂದ ಪೇಟಿ, ಅಂದರೆ ಹಾರ್ಮೋನಿಯಂ, ಇಳಿಸುತ್ತಾರೆ. ಹರೆಯದಲ್ಲಿ ಸುರಪುರದ ರಂಗಂಪೇಟೆಯ ಭಜನೆಯಲ್ಲಿ ಇವರ ಬೆರಳು ಹರಿದಾಡುತ್ತಿದ್ದವಂತೆ. ಆಮೇಲೆ ನೌಕರಿ, ಮದುವೆ, ವರ್ಗಾವಣೆ. ಪೇಟಿ ಟ್ರಂಕುಗಳ ಜತೆ ಊರೂರು ತಿರುಗಿತೇ ಹೊರತು ಬಾಯಿ ಬಿಡಲಿಲ್ಲ. 2010ರಲ್ಲಿ ಯಾದಗಿರಿಯೇ ಗುಲ್ಬರ್ಗದಿಂದ ಬಿಡಿಸಿಕೊಂಡು ಸ್ವಂತ ಜಿಲ್ಲೆಯಾಯಿತು. ಪೇಟಿಗೆ ಮಾತ್ರ ಬಿಡುಗಡೆ ಸಿಗಲಿಲ್ಲ.

ಇಳಿಸಿದ ಕೂಡಲೇ ಬಾರಿಸುತ್ತಾರೆ ಅಂದುಕೊಂಡರೆ ನಿಮಗೆ ಸರ್ಕಾರಿ ನೌಕರರ ಪರಿಚಯವಿಲ್ಲ. ಮೊದಲು ತಪಾಸಣೆ. ಮುಚ್ಚಳ ತೆಗೆದರೆ ಒಳಗೆ ಜಿರಲೆಗಳ ಸಂಸಾರ. ತಿದಿಯ ಚರ್ಮ ನಮ್ಮ ಬಿಸಿಲಿಗೆ ಹಪ್ಪಳವಾಗಿದೆ. ಹಿತ್ತಾಳೆಯ ರೀಡುಗಳಲ್ಲಿ ಎರಡು ಮೂಕ, ಒಂದು ಮುಟ್ಟದೆಯೇ ಕೂಗುತ್ತದೆ. (ಕಚೇರಿಯಲ್ಲೂ ಹೆಚ್ಚುಕಡಿಮೆ ಹೀಗೇ ಇತ್ತು.) ತಿದಿಯ ತೂತಿಗೆ ಕಚೇರಿಯಿಂದ ಬಂದ ಗೋಂದೇ ಬೀಳುತ್ತದೆ.

ಬೆಳಿಗ್ಗೆ 5ಕ್ಕೆ ಭೈರವ. ಸಾ, ರೇ, ಗ ತನಕ ತೊಂದರೆಯಿಲ್ಲ. ಅಲ್ಲಿಂದ ಹೆಬ್ಬೆರಳು ಉಳಿದ ಬೆರಳುಗಳ ಕೆಳಗೆ ತೂರಿ ‘ಮ’ ಹಿಡಿಯಬೇಕು. ಮೂರು ದಶಕ ಪೆನ್ನಿಗೆ ಒತ್ತಿಕೊಂಡಿದ್ದ ಹೆಬ್ಬೆರಳು ತೂರುವುದಿಲ್ಲ. ಸಾಹೇಬರು ಮತ್ತೆ ಸಾ ದಿಂದ ಶುರು ಮಾಡುತ್ತಾರೆ. ಯಾದಗಿರಿಯವರಿಗೆ ರೈಲಿನ ಅನುಕೂಲವಿದೆ. ಗಾಡಿ ಕೂಗಿದಾಗ ತಪ್ಪಿದ ಸ್ವರ ಮುಚ್ಚಿಹೋಗುತ್ತದೆ. ಶಹಾಪುರ, ಸುರಪುರಕ್ಕೆ ರೈಲಿಲ್ಲ, ಓಣಿಗೆ ಓಣಿಯೇ ಏಳುತ್ತದೆ. ಶಹಾಪುರದ ಬೆಟ್ಟದ ಸಾಲಿನಲ್ಲಿ ಮಲಗಿದಂತೆ ಕಾಣುವ ಬುದ್ಧನೊಬ್ಬ ಮಾತ್ರ ಇನ್ನೂ ಎದ್ದಿಲ್ಲ.

“ಇಷ್ಟು ವರ್ಷ ಯಾಕ ಬಿಟ್ಟಿದ್ರಿ ಸಾಹೇಬ್ರ?” ಅಂತ ಕೇಳಿ ನೋಡಿ.

“ಆಕಾಶವಾಣಿಯವರೇ 1940ರಿಂದ 1971ರ ತನಕ ಪೇಟಿನ ಒಳಗ ಬಿಟ್ಟಿದ್ದಿಲ್ಲ. ಅದರ ಮುಂದ ನಂದೇನ್ ದೊಡ್ಡದ್ರೀ? ಸ್ವರದಿಂದ ಸ್ವರಕ್ಕ ಜಾರೋ ಮೀಂಡ್ ಪೇಟಿದಾಗ ಬರಂಗಿಲ್ಲ ಅಂತ ಅವರ ತಕರಾರು.”

ಒಳಗಿನಿಂದ ಮನೆಯವರ ದನಿ: “ನಿಮಗ ಬರ್ತದಲ್ಲರೀ, ಸಾ ಅಂತ ಹೊಂಟು ಎಲ್ಲಿ ಬೇಕಲ್ಲಿ ಜಾರ್ತೀರಿ.”

ಗದಗಿನ ಪುಟ್ಟರಾಜ ಗವಾಯಿಗಳ ಹೆಸರು ಬಂದರೆ ಸಾಹೇಬರು ಕಿವಿ ಮುಟ್ಟಿಕೊಳ್ಳುತ್ತಾರೆ. ಕಣ್ಣಿಲ್ಲದ ಗವಾಯಿಗಳು ಪೇಟಿ, ತಬಲಾ, ಪಿಟೀಲು ಎಲ್ಲ ಪಳಗಿಸಿದ್ದನ್ನು ನೆನೆದು ತಾವೂ ಕಣ್ಣು ಮುಚ್ಚಿ ಬಾರಿಸುತ್ತಾರೆ. ಬೆರಳು ಪಕ್ಕದ ಪಟ್ಟಿಗೆ ಹೋಗುತ್ತದೆ.

ಶ್ರಾವಣ ಬಂದರೆ ಭಜನೆಯವರು ಬಾಗಿಲಿಗೆ ಬರುತ್ತಾರೆ. “ಕಾಕಾ, ಪೇಟಿ ಬೇಕಾಗಿತ್ರೀ.” ಸಾಹೇಬರು ಇಸ್ತ್ರಿ ಮಾಡಿದ ಧೋತರ ಉಟ್ಟು ಪೇಟಿಯ ಹಿಂದೆಯೇ ಗುಡಿಗೆ ಹೋದರೆ ಅದರ ಮುಂದೆ ಹತ್ತನೇ ಕ್ಲಾಸಿನ ಹುಡುಗ ಆಗಲೇ ಕೂತಿರುತ್ತಾನೆ. ಸಾಹೇಬರು ಪಕ್ಕದಲ್ಲಿ ಕೂತು ತೊಡೆಯ ಮೇಲೆ ಬೆರಳಾಡಿಸುತ್ತಾರೆ. “ಕರಿ ಎರಡು ಹಿಡಿ, ಕರಿ ಎರಡು.”

“ಸುಮ್ನ ಕೂಡ್ರಿ ಕಾಕಾ.”

ಮರುದಿನ ಚಹಾದಂಗಡಿಯಲ್ಲಿ ಯಾರೋ ಕೇಳುತ್ತಾರೆ, ನಿನ್ನಿ ಭಜನಿ ಹೆಂಗಾತ್ರೀ?

“ನಮ್ಮ ಪೇಟಿ ಅಂದಮ್ಯಾಲ ಕೇಳ್ಬೇಕೇನ್ರೀ? ಒಬ್ರೂ ಎದ್ದು ಹೋಗ್ಲಿಲ್ಲ!”